ವಿಚಾರಿಸಲು ಬಂದವರಿಗೆ ಏನು ಹೇಳಬೇಕು?

'ಇವರು ಬಹಳ ಅನುಭವಸ್ಥರು' ಎಂದು ಯಾರನ್ನಾದರೂ ಪರಿಚಯಿಸಿದರೆ ನನ್ನ ಕೈ ತಾನಾಗಿಯೇ ಪರ್ಸಿನ ಮೇಲೆ ಹೋಗುತ್ತದೆ. ಇದು ಒಳ್ಳೆಯ ಗುಣವಲ್ಲ ಎಂದು ಮನೆಯವರು ಹೇಳುತ್ತಾರೆ. ಇರಬಹುದು. ಆದರೆ ಈವರೆಗೆ ನನ್ನನ್ನು ಏಮಾರಿಸಿದವರಲ್ಲಿ ಅನನುಭವಿಗಳು ಒಬ್ಬರೂ ಇಲ್ಲ. ಅದಕ್ಕೇನು ಹೇಳುತ್ತೀರಿ?

ಮಧುಗಿರಿಯ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಹಳೆಯ ಗ್ರೀಕರು 'ಫ್ರೊನೆಸಿಸ್' ಎನ್ನುತ್ತಿದ್ದ ಒಂದು ಗುಣವನ್ನು 'ವ್ಯವಹಾರ ವಿವೇಕ' ಎಂದು ಬೋರ್ಡಿನ ಮೇಲೆ ಬರೆದು, ಮಕ್ಕಳ ಕೈಲಿ ಉರು ಹೊಡೆಸಿದ್ದೇನೆ. ಯಾರಿಗೆ, ಯಾವಾಗ, ಎಷ್ಟು, ಹೇಗೆ ಎಂದು ತಿಳಿದು ನಡೆಯುವ ಗುಣ ಅದು. ಪುಸ್ತಕದಿಂದ ಬರುವುದಿಲ್ಲ, ಬದುಕಿ ಪಡೆಯಬೇಕು. ಇದರ ಪಕ್ಕದಲ್ಲೇ ಗ್ರೀಕರು ಇನ್ನೊಂದನ್ನು ಇಟ್ಟರು: ಬರೀ ಚಾಲಾಕಿತನ. ವಿವೇಕಕ್ಕೆ ಒಳ್ಳೆಯ ಗುರಿಯೇ ಬೇಕು, ಚಾಲಾಕಿತನಕ್ಕೆ ಯಾವ ಗುರಿಯಾದರೂ ನಡೆದೀತು. "ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣಲ್ವಾ ಮೇಡಂ? ಹೆಂಗೆ ಗೊತ್ತಾಗುತ್ತೆ?" ಎಂದು ಒಬ್ಬ ಹುಡುಗಿ ಕೇಳಿದ್ದಳು. "ಅದು ಪರೀಕ್ಷೆಗೆ ಬರಲ್ಲ, ಕೂತ್ಕೊ" ಎಂದೆ.

ಪರೀಕ್ಷೆಗೆ ಬರಲಿಲ್ಲ, ನಿಜ. ನಮ್ಮ ಬೀದಿಗೆ ಬಂತು.

ನಮ್ಮ ಕಡೆ ಗಂಡಿನ ವಿಷಯ ಯಾರೂ ನೇರವಾಗಿ ವಿಚಾರಿಸುವುದಿಲ್ಲ. ಫೋಟೊ, ಜಾತಕ, ಸಂಬಳ ಎಲ್ಲ ಮೊಬೈಲಿನಲ್ಲೇ ಸಿಕ್ಕಿದರೂ ಗುಣ ಮಾತ್ರ ಇನ್ನೂ ಬೀದಿಯಲ್ಲೇ ಸಿಗಬೇಕು. ಅದಕ್ಕೆ ಹೆಣ್ಣಿನ ಕಡೆಯವರು ಬಾಡಿಗೆ ಮನೆ ಹುಡುಕುವವರ ವೇಷದಲ್ಲಿ ಬರುತ್ತಾರೆ. ನಲ್ಲಿಯಲ್ಲಿ ನೀರು ಬರುತ್ತಾ ಎಂದು ಶುರುಮಾಡಿ, ಪಕ್ಕದ ಮನೆಯವರು ಹೇಗೆ ಎನ್ನುವಲ್ಲಿಗೆ ಮುಟ್ಟುತ್ತಾರೆ. ನಮಗೂ ಗೊತ್ತು, ನಮಗೆ ಗೊತ್ತಿದೆಯೆಂದು ಅವರಿಗೂ ಗೊತ್ತು. ಹೋದ ವರ್ಷ ನಿಜವಾಗಿಯೂ ಮನೆ ಹುಡುಕುತ್ತಿದ್ದ ದಂಪತಿಗೆ ನಾನು ಎದುರು ಮನೆಯ ಹುಡುಗನ ಗುಣಗಾನ ಮಾಡಿ, ಅವನ ರಕ್ತದ ಗುಂಪನ್ನೂ ತಿಳಿಸಿ ಕಳಿಸಿದೆ. ಪಾಪ, ಅವರು ಬೇರೆ ಬೀದಿಯಲ್ಲಿ ಮನೆ ಮಾಡಿಕೊಂಡರು.

ಈ ಸಲ ಶ್ರಾವಣ ಹುಟ್ಟುತ್ತಲೇ ಪಾವಗಡದ ಕಡೆಯ ಒಬ್ಬರು ಬಂದರು. ಮನೆ ಬೇಕಾದವರು ತಾರಸಿ ನೋಡುತ್ತಾರೆ, ಇವರು ಪಕ್ಕದ ಮನೆಯ ಬೈಕು ನೋಡುತ್ತಿದ್ದರು. ಅದು ಗಂಗಮ್ಮನ ಮನೆ. ಅವಳಿಗೆ ಮಂಜು ಎಂಬ ಮಗ, ಸಾವಿತ್ರಿ ಎಂಬ ಮಗಳು. ಮಂಜು ದುಡಿಯುತ್ತಾನೆ, ಕುಡಿಯುವುದಿಲ್ಲ. ಸಿಟ್ಟು ಬಂದರೆ ತಂಗಿಯನ್ನು ಹೊಡೆಯುತ್ತಾನೆ. ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ನಾನು ಹೋಗಿ ಬಾಗಿಲು ಬಡಿದರೆ ಆವತ್ತಿಗೆ ನಿಲ್ಲುತ್ತದೆ.

ಬಂದವರನ್ನು ಕಂಡು ರಂಗಪ್ಪನವರೂ ನಮ್ಮ ಜಗಲಿಗೆ ಬಂದು ಕೂತರು. ಶಿರಾದಲ್ಲಿ ಕಡಲೆಕಾಯಿ ವ್ಯಾಪಾರ ಮಾಡಿ ಬಂದ ಅವರು ನಮ್ಮ ಬೀದಿಯ ವಿವೇಕಿ. ಯಾರ ಮನೆಯ ಪಂಚಾಯ್ತಿಗೂ ಅವರೇ ಆಗಬೇಕು.

"ನಮ್ ಕಣ್ಮುಂದೆ ಬೆಳ್ದ ಹುಡ್ಗ ಕಣಪ್ಪಾ. ಬೀಡಿ ಇಲ್ಲ, ಬ್ರಾಂದಿ ಇಲ್ಲ. ಒಸಿ ಮುಂಗೋಪ. ಮದ್ವೆ ಆದ್ರೆ ಎಲ್ಲಾ ಸರಿಹೋಯ್ತದೆ ಬುಡು" ಎಂದರು.

ಒಂದು ಮಾತೂ ಸುಳ್ಳಲ್ಲ, ನೋಡಿ. ಮೂಟೆಯ ಬಾಯಿಗೆ ಗಟ್ಟಿ ಕಾಯಿ, ತಳಕ್ಕೆ ಜೊಳ್ಳು ಹಾಕಿದ ಹಾಗಿತ್ತು. ಯಾರಿಗೆ, ಯಾವಾಗ, ಎಷ್ಟು, ಹೇಗೆ, ಎಲ್ಲವೂ ಅವರಿಗೆ ಗೊತ್ತು. ಗಂಗಮ್ಮನ ಜೊತೆ ನಿಷ್ಠುರವಾಗಬಾರದು ಎಂಬುದಷ್ಟೇ ಗುರಿ. ಬಂದವರ ಮುಖ ಹಗುರಾಯಿತು.

ಪಾವಗಡದವರು ನನ್ನ ಕಡೆ ತಿರುಗಿ, ನೀವೂ ಹೇಳಿ ಎಂದು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದರು. "ನೀವೂ ಚೆಪ್ಪಂಡಿ ತಲ್ಲೀ. ಮಾ ಹುಡುಗಿ ಗಟ್ಟಿಯಾಗಿ ಮಾತಾಡೋಳೇ ಅಲ್ಲ."

"ಕೈ ಎತ್ತುತ್ತಾನೆ, ತಂಗಿ ಮೇಲೆ. ನಾನು ನೋಡಿದೀನಿ" ಎಂದೆ.

ಬಂದವರು ಕೈಮುಗಿದು, ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ರಂಗಪ್ಪನವರು ಮಾತ್ರ, "ಆಗೋ ಮದ್ವೆ ಕೆಡಿಸ್ಬುಟ್ರಲ್ಲ ಮೇಡಂ. ಇಷ್ಟ್ ಓದಿ ಅಷ್ಟು ಸೂಕ್ಷ್ಮ ಬ್ಯಾಡ್ವಾ?" ಎಂದು ಎದ್ದು ಹೋದರು.

ಇಷ್ಟಕ್ಕೆ ಮುಗಿದಿದ್ದರೆ ನಾನು ಬೀಗಬಹುದಿತ್ತು. ಆದರೆ ಗುಮಾನಿ ಸಾಕಿಕೊಂಡವರ ಪಾಡೇ ಇದು, ಬೇರೆ ಯಾರೂ ಸಿಗದಿದ್ದರೆ ಅದು ಮನೆಯೊಡತಿಗೇ ಬಾಯಿ ಹಾಕುತ್ತದೆ. ಮಂಜು ದಿನಾ ನಮ್ಮ ಗೇಟಿಗೆ ಅಡ್ಡವಾಗಿ ಬೈಕು ನಿಲ್ಲಿಸುತ್ತಾನೆ. ಆವತ್ತು ಬೆಳಿಗ್ಗೆಯೂ ಅದಕ್ಕೇ ಜಗಳವಾಗಿತ್ತು. ಹಾಗಾದರೆ ನಾನು ಮಾತಾಡಿದ್ದು ಆ ಹುಡುಗಿಗಾಗಿಯೋ, ಗೇಟಿಗಾಗಿಯೋ? ಸರಿಯಾದ ಕೆಲಸವನ್ನು ಸರಿಯಾದ ಕಾರಣಕ್ಕೆ, ಸರಿಯಾದ ಮನಸ್ಸಿನಿಂದ ಮಾಡಬೇಕು ಎಂದು ಪಾಠ ಮಾಡಿದವಳು ನಾನೇ. ಮೂರರಲ್ಲಿ ಒಂದಕ್ಕೆ ಅಂಕ ಸಿಗಬಹುದು. ಅಷ್ಟು ಅಂಕಕ್ಕೆ ಎಷ್ಟೋ ಮಕ್ಕಳನ್ನು ಫೇಲು ಮಾಡಿದ್ದೇನೆ. ಆದರೂ ನನ್ನ ಮನಸ್ಸು ಚೊಕ್ಕಟವಾಗುವವರೆಗೆ ಕಾಯುತ್ತಾ ಕೂತಿದ್ದರೆ ಆ ಹುಡುಗಿಯ ಗತಿ ಏನಾಗುತ್ತಿತ್ತು?

ಸುದ್ದಿ ಗಂಗಮ್ಮನಿಗೆ ಮುಟ್ಟಿತು, ಯಾರ ಮೂಲಕ ಎಂದು ಹೇಳಬೇಕಾಗಿಲ್ಲ. ಅವಳು ಮಾತು ಬಿಟ್ಟಳು. ಬಾಗಿಲಿಗೆ ನೀರು ಹಾಕುವಾಗಲೂ ನನಗೆ ಬೆನ್ನು ಕೊಟ್ಟೇ ಹಾಕುತ್ತಿದ್ದಳು. ಮೊನ್ನೆ ಮಧ್ಯಾಹ್ನ ಹಿತ್ತಿಲ ಬಾಗಿಲಲ್ಲಿ ಬಂದು ನಿಂತಾಗ, ಜಗಳಕ್ಕೇ ಬಂದಳೆಂದು ಸೆರಗು ಸಿಕ್ಕಿಸಿ ಸಿದ್ಧಳಾದೆ.

"ಅಕ್ಕಾ, ಸಾವಿತ್ರಿಗೆ ಕೊಳಾಲದ ಕಡೆ ಒಂದ್ ಗಂಡು ಬಂದೈತೆ. ರಂಗಪ್ಪೋರು ನಾನೋಗಿ ಇಚಾರಿಸ್ಕಂಡ್ ಬತ್ತೀನಿ ಅಂದ್ರು. ಬ್ಯಾಡಿ ಅಂದೆ. ನೀವೋಗ್ ಬನ್ನಿ."

ಇದರಲ್ಲೂ ಏನೋ ಹೂಟ ಇದೆ ಎನಿಸಿತು. "ನಿನ್ನ ಮಗನ ಸಂಬಂಧ ತಪ್ಪಿಸಿದವಳು ನಾನು, ಗಂಗಮ್ಮ" ಎಂದೆ.

"ಅದ್ಕೇಯ" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ಹೊಲ ಎಷ್ಟೈತೆ ಕೇಳ್ಬ್ಯಾಡಿ, ಸಂಬ್ಳ ಕೇಳ್ಬ್ಯಾಡಿ. ಇಂಗೆ ಕೈ ಎತ್ತೋನಾ ಅಂತ ಕೇಳ್ಕಂಡ್ ಬನ್ನಿ, ಸಾಕು."

ನಾಳೆ ಬೆಳಗಿನ ಬಸ್ಸಿಗೆ ಕೊಳಾಲಕ್ಕೆ ಹೊರಟಿದ್ದೇನೆ. ಅಲ್ಲಿಯ ಹಿರಿಯರು ಏನು ಹೇಳಿದರೂ ತಲೆಯಾಡಿಸಿ ಕೇಳಿಸಿಕೊಳ್ಳುತ್ತೇನೆ, ಅದಕ್ಕೇನು. ಆದರೆ ಆ ಹುಡುಗನಿಗೆ ತಂಗಿಯೊಬ್ಬಳು ಇದ್ದರೆ, ಮೊದಲು ಅವಳನ್ನು ನೋಡಬೇಕು.