ಮುಖಕ್ಕೆ ಸಿಗುವ ವಿಮಾನ

ಅವರ ಬಲಗೈ ತೋರುಬೆರಳಿನ ಉಗುರು ಸದಾ ಮೆಹಂದಿಯ ಕಿತ್ತಳೆ ಬಣ್ಣದಲ್ಲಿರುತ್ತಿತ್ತು. ಕಂಪ್ಯೂಟರ್ ಪರದೆಯ ಮೇಲೆ ಅದು ಒಂದು ಊರಿನಿಂದ ಇನ್ನೊಂದು ಊರಿಗೆ ಸರಿಯುವುದನ್ನು ಎದುರು ಕುಳಿತವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಶಿವಾಜಿನಗರದ ಗಲ್ಲಿಯೊಂದರಲ್ಲಿ ಅವರದು ವಿಮಾನ ಟಿಕೆಟ್ಟಿನ ಅಂಗಡಿ. ಎಲ್ಲರಿಗೂ ಅವರು ಆಪಾ, ಅಂದರೆ ಅಕ್ಕ.

ಹೊರದೇಶದಿಂದ ಸಾವಿಗೆ ಬರಬೇಕಾದವರು ಫೋನ್ ಮಾಡಿದರೆ ಅವರು ಮೊದಲು ಕೇಳುತ್ತಿದ್ದದ್ದು, "ಮಣ್ಣು ಎಷ್ಟೊತ್ತಿಗೆ?" ಆಮೇಲೆ ಲೆಕ್ಕ. ಮುಖ ನೋಡಲು ಆಗುವಂತಿದ್ದರೆ ಮೊದಲು ಸಿಗುವ ವಿಮಾನ. ಆಗದಿದ್ದರೆ ಅವಸರದ ದುಬಾರಿ ಟಿಕೆಟ್ ಮಾರುತ್ತಿರಲಿಲ್ಲ. ಮುಸ್ಲಿಮರಿಗೆ "ಮೂರನೇ ದಿನದ ಜಿಯಾರತ್‌ಗೆ ಬನ್ನಿ" ಎನ್ನುತ್ತಿದ್ದರು, ನಮ್ಮಂಥವರಿಗೆ "ಹಾಲುತುಪ್ಪಕ್ಕೆ ಬನ್ನಿ."

ದೊಡ್ಡನೆಕ್ಕುಂದಿಯಲ್ಲಿ ಅಪ್ಪ ತೀರಿಕೊಂಡಾಗ ನಾನು ಪತ್ರಿಕೆಯ ಕೆಲಸದ ಮೇಲೆ ಬ್ರೆಜಿಲ್‌ನ ಸಾವೊ ಪಾಲೊದಲ್ಲಿದ್ದೆ.

"ಮುಖಕ್ಕೆ ಸಿಗಲ್ಲ, ಪೇಪರ್‌ನೋರೇ," ಎಂದರು ಆಪಾ ಫೋನಿನಲ್ಲಿ.

"ಮೊಬೈಲಲ್ಲಿ ಇಪ್ಪತ್ತೆರಡೇ ಗಂಟೆ ಅಂತಿದೆ, ಆಪಾ."

"ಅದು ವಿಮಾನದ ಟೈಮು. ನಿಮ್ಮ ಮೊಬೈಲು ಯಾವತ್ತಾದ್ರೂ ಟಿನ್ ಫ್ಯಾಕ್ಟರಿ ಜಾಮಲ್ಲಿ ನಿಂತಿದ್ಯಾ?"

ಅಂಥ ಹೊತ್ತಿನಲ್ಲೂ ನನಗೆ ನಗು ಬಂತು. ಅವರು ದನಿ ತಗ್ಗಿಸಿ, "ಅಪ್ಪಾವ್ರನ್ನ ಐಸ್ ಪೆಟ್ಟಿಗೇಲಿ ಕಾಯಿಸ್ಬೇಡಿ. ನಿಮ್ಮಣ್ಣಂಗೆ ನೀವೇ ಹೇಳ್ಬಿಡಿ, ಆಮೇಲೆ ಅವ್ರ ಮೇಲೆ ಮಾತು ಬರಲ್ಲ," ಎಂದರು. ಹೇಳಿದೆ. ಮೂರನೇ ದಿನ ಅಪ್ಪನ ಮಣ್ಣಿನ ಮೇಲೆ ಹಾಲು ಎರೆದೆ. ಅಣ್ಣನಿಗೂ ನನಗೂ ಇವತ್ತಿನವರೆಗೆ ಆ ವಿಷಯಕ್ಕೆ ಮನಸ್ತಾಪವಿಲ್ಲ. ಆ ಸಂಬಂಧ ಆಪಾ ಉಳಿಸಿಕೊಟ್ಟದ್ದು.

ಆಪಾಗೆ ಇದ್ದವಳು ಒಬ್ಬಳೇ ತಂಗಿ. ತಾಯಿಯಿಲ್ಲದ ಅವಳನ್ನು ಸಾಕಿ, ಓದಿಸಿದ್ದರು. ಅವಳು ಸುಮಾರು ಹನ್ನೊಂದು ಸಾವಿರ ಕಿಲೋಮೀಟರ್ ಆಚೆ, ಆಕ್ಲೆಂಡ್‌ನಲ್ಲಿ ನರ್ಸ್. ಹೋದ ವರ್ಷ ಆಪಾ ಆಸ್ಪತ್ರೆ ಸೇರಿದಾಗ ಅವಳ ಟಿಕೆಟ್ಟನ್ನು ಹಾಸಿಗೆಯಿಂದಲೇ ತಾವೇ ಮಾಡಿದರು. ಮಾರನೇ ದಿನಕ್ಕೆ.

"ಇವತ್ತಿಂದೇ ಮಾಡಿ ಆಪಾ," ಎಂದೆ.

"ನೈಟ್ ಡ್ಯೂಟಿ ಮುಗ್ಸಿದ್ದಾಳೆ ರೀ. ಒಂದಿನ ಮಲ್ಕೊಂಡು ಬರ್ಲಿ. ನಾನೆಲ್ಲಿ ಓಡಿಹೋಗ್ತೀನಿ?"

ಊರಿನವರ ಸಾವಿಗೆಲ್ಲ ಲೆಕ್ಕ ಹಾಕಿದವರು ತಮ್ಮದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮರುದಿನ ಬೆಳಗಿನ ಜಾವ ಅವರು ಹೋದರು. ಸಂಜೆಯ ನಮಾಜಿನ ನಂತರ ಮಣ್ಣು ಎಂದು ಹಿರಿಯರು ನಿಶ್ಚಯಿಸಿದರು. ಆಕ್ಲೆಂಡ್ ವಿಮಾನ ನಿಲ್ದಾಣದಿಂದ ತಂಗಿ ನನಗೆ ಫೋನ್ ಮಾಡಿದಳು. "ಅವ್ರೆಲ್ಲ ಬಾ ಬಾ ಅಂತಾರೆ, ಅಣ್ಣಾ. ನೀವು ಸರಿಯಾಗಿ ಹೇಳಿ. ಮುಖಕ್ಕೆ ಸಿಗ್ತೀನಾ?"

ಎರಡು ಸಲ ಲೆಕ್ಕ ಹಾಕಿದೆ. "ಸಿಗಲ್ಲಮ್ಮ. ನಾಳೆವರೆಗೂ ಇಡಿ ಅಂತ ಕೇಳ್ಲಾ?"

ಆ ಕಡೆ ಯಾವುದೋ ವಿಮಾನದ ಪ್ರಕಟಣೆ ಪೂರ್ತಿ ಮುಗಿಯಿತು. "ಬೇಡಣ್ಣಾ. ಆಪಾ ಕಾಯಿಸು ಅಂತ ಯಾರಿಗೂ ಹೇಳಿಲ್ಲ. ಕರ್ಕೊಂಡ್ಹೋಗಿ."

ಮರುದಿನ ಅವಳನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ನಾನೇ ಹೋದೆ. ಕಾರು ಹೆಬ್ಬಾಳ ದಾಟಿತು. ಪರಗಂಡಸಿಗೆ ಅವರಲ್ಲಿ ತೀರಿಕೊಂಡ ಹೆಣ್ಣಿನ ಮುಖ ತೋರಿಸುವುದಿಲ್ಲ. ಹಾಗಾಗಿ ನಾನೂ ನೋಡಿರಲಿಲ್ಲವೆಂದು ಅವಳಿಗೆ ಗೊತ್ತಿತ್ತು. ಅದನ್ನು ಕೇಳಲಿಲ್ಲ.

"ಹೆಗಲು ಕೊಟ್ರಾ?"

"ಕೊಟ್ಟೆ."

"ಭಾರ ಇದ್ರಾ?"

"ಇಲ್ಲಮ್ಮ," ಎಂದೆ. "ಏನೂ ಭಾರ ಇರಲಿಲ್ಲ."