ಬಾರಿಕಂಟಿಯ ನಡುವಿನ ಬೇವು

ಶಹಾಬಜಾರದ ಓಣಿಯ ಬಾಯಲ್ಲಿ ಬಾರಿಹಣ್ಣಿನ, ಅಂದರೆ ಬೋರೆಹಣ್ಣಿನ, ಬುಟ್ಟಿ ಬಂದು ಕೂತಿದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕೈ ಮೊಳಕೈಯನ್ನು ಸವರಿಕೊಂಡಿತು. ಹೋದ ವರ್ಷ ಗೀರಿದ ಮುಳ್ಳಿನ ಗುರುತು ಅಲ್ಲಿದೆ. ಇದೆ ಎಂದು ನಾನು ಹೇಳುತ್ತೇನೆ, ಹೆಂಡತಿಗೆ ಕಾಣುವುದಿಲ್ಲ. ನನ್ನ ನೆನಪಿನ ಸಾಕ್ಷಿಗಳೆಲ್ಲ ಇಂಥವೇ, ನೀವು ಹುಷಾರಾಗಿರಿ.

ಕಮಲಾಪುರದಲ್ಲಿ ಅಕ್ಕನ ಪಾಲಿಗೆ ಬಂದ ಹೊಲದ ಮೂಲೆಯಲ್ಲಿ ಒಂದು ತಗ್ಗಿತ್ತು. ನಾನು ಸಣ್ಣವನಿದ್ದಾಗ ರಸ್ತೆಗೆಂದು ಮೊರಮು ಮಣ್ಣು ಅಗೆದು ಒಯ್ದ ಜಾಗ. ಮೇಲ್ಮಣ್ಣು ಹೋಗಿ, ಚರ್ಮ ಸುಲಿದಂತೆ ಕೆಂಪಗೆ ಬಿದ್ದಿತ್ತು. ಮೊದಲು ಹುಲ್ಲು ಬಂತು, ಆಮೇಲೆ ಹಳದಿ ಹೂವಿನ ತಂಗಡಿ, ಆಮೇಲೆ ಮುಳ್ಳುಪೊದೆಯ ಬಾರಿಕಂಟಿ, ಕೊನೆಗೆ ಬೇವು. ಈ ಸರದಿಯನ್ನು ಕಣ್ಣಾರೆ ಕಂಡೆನೋ, ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದಿದ ಮೇಲೆ ನೆನಪನ್ನೇ ಸಾಲಾಗಿ ನಿಲ್ಲಿಸಿದೆನೋ, ಹೇಳಲಾರೆ. ಒಂದು ಮಾತ್ರ ಖಾತ್ರಿ ಅನ್ನುತ್ತಿದ್ದೆ: ಬೇವು ಅಪ್ಪ ನೆಟ್ಟದ್ದು, ತಂಬಿಗೆಯಲ್ಲಿ ನೀರು ಹೊತ್ತವನು ನಾನು.

ಹೋದ ವರ್ಷ, ತಗ್ಗು ಸಮ ಮಾಡಿಸಿ ತೊಗರಿ ಬಿತ್ತಲು ಅಕ್ಕ ಜೆಸಿಬಿ ಕರೆಸಿದ್ದಾಳೆಂದು ತಿಳಿದು ಬೈಕ್ ಹತ್ತಿದೆ. ಹೋಗುವಷ್ಟರಲ್ಲಿ ತಂಗಡಿಯೆಲ್ಲ ಮಗುಚಿ ಬಿದ್ದಿತ್ತು. ಯಂತ್ರದ ಹಲ್ಲು ಬಾರಿಕಂಟಿಯ ಮುಂದಿತ್ತು.

“ಅಕ್ಕಾ, ಬೇವು ಕೀಳಸಬ್ಯಾಡ. ಅಪ್ಪ ಹಚ್ಚಿದ್ದು.”

“ಅಪ್ಪ ಹಚ್ಚಿದ್ದು ಅದೇ ವರ್ಷ ಆಡು ತಿಂದು ಹೋಯ್ತಲ್ಲೋ. ನೀನೇ ಹೊರಳಾಡಿ ಅತ್ತಿದ್ದಿ. ಇಷ್ಟು ಓದಿದಿ, ಅಷ್ಟೂ ನೆನಪಿಲ್ಲೇನು?”

“ಜಲ್ದಿ ಹೇಳ್ರಿ ಸಾಬ್, ಡೀಸೆಲ್ ಸುಡ್ಲಾಕತ್ತದ,” ಡ್ರೈವರ್ ಕೂಗಿದ.

ಪುರಾವೆ ಹುಡುಕಲು ಕಂಟಿಯೊಳಗೆ ಕೈ ಹಾಕಿದೆ. ಮುಳ್ಳು ಗೀರಿದ್ದು ಆಗಲೇ. ಬೇವಿನ ಬುಡ ಕಂಟಿಯ ನಟ್ಟನಡುವೆ ಇತ್ತು. ಮುಳ್ಳಿನ ಹೊಟ್ಟೆಯೊಳಗೆ ಕೂತು ಯಾರು ಗಿಡ ನೆಡುತ್ತಾರೆ? ಯಾವುದೋ ಹಕ್ಕಿ ಕೊಂಬೆಯ ಮೇಲೆ ಕೂತು ಬೀಜ ಉದುರಿಸಿದೆ. ಆಡಿನ ಬಾಯಿಗೆ ಸಿಗದಂತೆ ಬಾರಿ ಅದನ್ನು ಕಾದಿದೆ. ಇದನ್ನು ಬಾಯಿ ಬಿಟ್ಟು ಹೇಳಿದರೆ ಅಪ್ಪನ ಹೆಸರು ಕೈತಪ್ಪುತ್ತದೆ, ಬೇವೂ ಹೋಗುತ್ತದೆ. ಯಂತ್ರ ಗುರುಗುಟ್ಟುತ್ತಲೇ ಇತ್ತು. ಕಂಟಿಯಿಂದ ಕೈ ಹೊರಗೆಳೆದುಕೊಂಡೆ.

“ನೀ ಹೇಳಿದ್ದು ಖರೇ, ಅಕ್ಕಾ. ಇದು ತಾನಾಗೇ ಬಂದದ್ದು.”

ಅಕ್ಕ ಬೇವನ್ನು ಬುಡದಿಂದ ತುದಿಯವರೆಗೆ ನೋಡಿದಳು. “ಅಪ್ಪ ಹಚ್ಚಿದ್ದಾಗಿದ್ರ, ಇನ್ನೊಂದು ಹಚ್ಕೋ ಹೋಗು ಅಂತಿದ್ದೆ. ತಾನಾಗೇ ಬಂದ ಇಂಥಾದ್ದನ್ನ ಮತ್ತ ಯಾರಿಗಿ ಹಚ್ಚು ಅನ್ಲಿ?” ಡ್ರೈವರನತ್ತ ಕೈಬೀಸಿದಳು. “ಆ ಕಂಟಿ ಬಿಟ್ಟು ಉಳದದ್ದು ತೆಗಿಯಪಾ.” ಮತ್ತೆ ನನಗೆ: “ತೊಗರಿ ಕಡಿಮಿ ಬಂದ್ರ ನಿಮ್ಮನಿಗಿ ಬ್ಯಾಳಿ ಕಳಸಂಗಿಲ್ಲ, ನೋಡು.”

ಬ್ಯಾಳಿ ಬಂತು. ಕಡಿಮೆಯೇ ಬಂತು ಅನ್ನಿಸುತ್ತದೆ, ಅದನ್ನೂ ನಂಬಬೇಡಿ.

ಇವತ್ತು ಬಾರಿಹಣ್ಣು ಕೊಂಡು ಬಾಯಿಗೆ ಹಾಕಿಕೊಂಡೆ. ಓಣಿಯಲ್ಲಿ ಪೈಪಿಗೆಂದು ಅಗೆದು ಬಿಟ್ಟ ಮಣ್ಣಿನ ಗುಡ್ಡೆಯ ಮೇಲೆ ಆಗಲೇ ಹುಲ್ಲು ಚಿಗುರಿದೆ. ಬಗ್ಗಿ, ಕಣ್ಣಿಟ್ಟು ನೋಡಿದೆ. ಹೌದು, ಮೊದಲು ಹುಲ್ಲೇ. ಅದರ ಪಕ್ಕಕ್ಕೆ ಬೀಜ ಉಗುಳಿದೆ. ಮುಂದೆ ಅಲ್ಲೇನಾದರೂ ಬೆಳೆದರೆ, ನಾನು ನೆಟ್ಟದ್ದು ಅನ್ನುವುದಿಲ್ಲ.