ಬೋರ್ಡಿನ ಕೊನೆಯ ಅಂಕಿ

ನನ್ನ ತಾಯಿಯ ತಮ್ಮನನ್ನು ಊರೆಲ್ಲ ಕರೆಯುವುದು ಬೋರ್ಡ್ ಮಾಮ ಎಂದು. ಅಂಗಡಿಗಳ ಹೆಸರು, ಬಸ್ಸಿನ ಹಣೆಬರಹ, ಡಾಕ್ಟರುಗಳ ಗೇಟಿನ ಫಲಕ, ಎಲ್ಲವನ್ನೂ ಮೂವತ್ತೊಂದು ವರ್ಷದಿಂದ ಅವನೇ ಬರೆಯುತ್ತಿದ್ದಾನೆ. ಆದರೆ ಅವನು ಎದೆಯುಬ್ಬಿಸಿ ಹೇಳಿಕೊಳ್ಳುವುದು ಒಂದೇ ಬೋರ್ಡಿನ ವಿಷಯ. ಅದು ಸೇತುವೆಯ ಈ ತುದಿಯಲ್ಲಿರುವ ಪಾಲಿಕೆಯ ನೀಲಿ ತಗಡು. 'ನಗರಕ್ಕೆ ಸ್ವಾಗತ' ಎಂಬ ಸಾಲಿನ ಕೆಳಗೆ ಜನಸಂಖ್ಯೆ. ವರ್ಷಕ್ಕೊಮ್ಮೆ ಆ ಸಂಖ್ಯೆಯನ್ನು ತಿದ್ದಬೇಕು. ಹೊಸ ಸಂಖ್ಯೆಯ ಚೀಟಿ ಟೈಪ್ ಮಾಡಿ ಅವನ ಕೈಗೆ ಕೊಡುವವಳು ನಾನು, ಪಾಲಿಕೆಯ ಅಂಕಿಅಂಶ ವಿಭಾಗದ ಗುಮಾಸ್ತೆ.

ಸೇತುವೆ ಉದ್ದ ನಾನೂರು ಹೆಜ್ಜೆ. ಆ ತುದಿಯಲ್ಲಿ ಇನ್ನೊಂದು ಊರು, ಇನ್ನೊಂದು ನೀಲಿ ತಗಡು. ಎರಡೂ ಊರುಗಳು ಒಂದೇ ಮನೆಗೆ ಬಂದ ವಾರಗಿತ್ತಿಯರ ಹಾಗೆ. ಅವರು ಹನ್ನೆರಡು ಮಹಡಿ ಕಟ್ಟಿದರೆ ನಾವು ಹನ್ನೊಂದು ಕಟ್ಟಿ, ಮೇಲೆ ನೀರಿನ ಟ್ಯಾಂಕ್ ಇಟ್ಟು, ಹದಿಮೂರು ಎಂದು ಪೇಪರಿಗೆ ಕೊಟ್ಟೆವು. ಅವರಿಗೆ ಸೋಪಿನ ಕಾರ್ಖಾನೆ ಬಂದಾಗ, ನಮಗೆ ಗಾಳಿ ಬೀಸಿದಾಗ ವಾಸನೆ ಬಂತು. ಅವರು ಸುತ್ತಲಿನ ನಾಲ್ಕು ಹಳ್ಳಿಗಳನ್ನು ಸೇರಿಸಿಕೊಂಡು ಮಹಾನಗರ ಪ್ರದೇಶವಾದರು. ನಾವೇನು ಕಡಿಮೆ ಎಂದು ಮೂರು ಹಳ್ಳಿ, ಒಂದು ಕಲ್ಲುಕ್ವಾರಿ, ಒಂದು ಸ್ಮಶಾನ ಸೇರಿಸಿಕೊಂಡೆವು. ಸ್ಮಶಾನದವರನ್ನು ಎಣಿಸಲಿಲ್ಲ, ಅಷ್ಟರಮಟ್ಟಿಗೆ ಮರ್ಯಾದೆ ಉಳಿಸಿಕೊಂಡೆವು. ಇಷ್ಟೆಲ್ಲ ಮಾಡಿಯೂ ನಾವು ಅವರಿಗಿಂತ ಹನ್ನೊಂದು ಸಾವಿರ ಜನ ಹಿಂದೆ.

ಈ ಹನ್ನೊಂದು ಸಾವಿರ ಮೇಯರಿಗೆ ಚುನಾವಣೆಯ ಹೊತ್ತಿನಲ್ಲಿ ಮಾತ್ರ ಚುಚ್ಚುತ್ತಿತ್ತು. ಮಾಮನಿಗೆ ದಿನಾ ಚುಚ್ಚುತ್ತಿತ್ತು.

ಅಂಥವನ ಒಬ್ಬಳೇ ಮಗಳು ಮೆಚ್ಚಿದ್ದು ಯಾರನ್ನು? ಆಚೆ ಊರಿನ ಬೋರ್ಡ್ ಬರೆಯುವ ಪೇಂಟರನ ಮಗನನ್ನು! ಮಾಮ ಎರಡು ದಿನ ಊಟ ಬಿಟ್ಟ, ಮೂರನೆಯ ದಿನ ಒಪ್ಪಿಕೊಂಡ. ಆದರೆ ಮದುವೆಯ ಪಂಕ್ತಿಯಲ್ಲಿ ಬೀಗರು ಸುಮ್ಮನೆ ಉಣ್ಣದೆ, "ನಿಮ್ಮದು ಊರು ಅನ್ನೋದಕ್ಕಿಂತ ನಮ್ಮ ಬಸ್ ಸ್ಟ್ಯಾಂಡಿನ ಹಿತ್ತಲು ಅನ್ನಬಹುದು" ಎಂದುಬಿಟ್ಟರು. ಮಾಮ ಎಲೆಯ ಮುಂದಿನಿಂದ ಎದ್ದ. "ನಮ್ಮೂರು ನಿಮ್ಮೂರನ್ನ ದಾಟೋ ತನಕ ನಿಮ್ಮೂರಲ್ಲಿ ನಾನು ಒಂದು ಲೋಟ ನೀರು ಕುಡಿದ್ರೆ ಕೇಳಿ!" ಎಂದ. ಬೀಗರು ಕೂಡಲೇ ತಪ್ಪಾಯ್ತು ಎಂದರು, ಕೈ ಹಿಡಿದುಕೊಂಡರು. ಮಾಮನದು ಹಿಡಿದ ಹಟ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಹೀಗಾಗಿ ನಾಲ್ಕು ವರ್ಷ ಅಪ್ಪ ಮಗಳು ಹೆಚ್ಚಾಗಿ ಭೇಟಿಯಾದದ್ದು ಸೇತುವೆಯ ನಡುವೆ. ಅಲ್ಲಿ ರಸ್ತೆಗೆ ಅಡ್ಡವಾಗಿ ಒಂದು ಕಬ್ಬಿಣದ ಪಟ್ಟಿ ಇದೆ. ಭಾನುವಾರ ಬೆಳಿಗ್ಗೆ ಪಟ್ಟಿಯ ಆಚೆ ಅವಳು, ಈಚೆ ಇವನು. ಅವಳು ಎಷ್ಟೋ ಸಲ ಈಚೆಗೆ ಬಂದು ತವರಿನಲ್ಲಿ ಇದ್ದು ಹೋಗಿದ್ದಾಳೆ. ಇವನು ಮಾತ್ರ ಪಟ್ಟಿಯ ಮೇಲೆ ಹೆಬ್ಬೆರಳನ್ನೂ ಇಟ್ಟವನಲ್ಲ. ಅಲ್ಲಿಂದ ಕಣ್ಣು ಕಿರಿದು ಮಾಡಿ ಬೀಗರ ಬೋರ್ಡ್ ನೋಡುತ್ತಿದ್ದ. ಮೊದಲ ಮೂರು ಅಂಕಿ ಕಾಣುತ್ತಿದ್ದವು, ಉಳಿದವು ಮಸುಕು.

ಈಗ ಒಂದು ಗುಟ್ಟು ಹೇಳಬೇಕು. ಮಗಳ ಮದುವೆಯ ವರ್ಷ ನಾನು ಕೊಟ್ಟ ಚೀಟಿಯಲ್ಲಿ ಕೊನೆಯ ಅಂಕಿ ಎಂಟು ಇತ್ತು. ಬೋರ್ಡಿನಲ್ಲಿ ಏಳು ಬಂತು. ಹೋಗಿ ಕೇಳಿದೆ.

"ಅವಳು ಹುಟ್ಟಿದಾಗ ಒಂದು ಸೇರಿಸಿದ್ದೆ. ಈಗ ಹೋದಳಲ್ಲ, ಕಳೆದೆ" ಎಂದ.

"ಅದನ್ನೆಲ್ಲ ಎಣಿಸೋಕೆ ಜನ ಇದ್ದಾರೆ ಮಾಮ."

"ನನ್ನ ಮಗಳ ವಿಷಯದಲ್ಲಿ ನಿಮ್ಮ ಆಫೀಸನ್ನ ನಂಬಿ ಕೂರಲಾ?"

"ಅತ್ತೆ ತೀರಿಕೊಂಡಾಗ?"

"ಆವಾಗಲೂ ಕಳೆದೆ" ಎಂದು ಬ್ರಷ್ ತೊಳೆಯತೊಡಗಿದ. ತೊಳೆದ ಬ್ರಷ್ಷನ್ನೇ ಮತ್ತೆ ತೊಳೆದ. ನಾನು ಮೇಲಿನವರಿಗೆ ಏನೂ ಹೇಳಲಿಲ್ಲ, ಅವರೂ ಕತ್ತೆತ್ತಿ ಬೋರ್ಡ್ ನೋಡಿದವರಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ಒಂಬತ್ತಕ್ಕೆ ಮಗಳ ಫೋನು ಬಂತು. ನಸುಕಿನಲ್ಲಿ ಹೆಣ್ಣು ಮಗು ಹುಟ್ಟಿದೆ, ಇಬ್ಬರೂ ಚೆನ್ನಾಗಿದ್ದೇವೆ ಎಂದಳು. ಆಮೇಲೆ ದನಿ ಸ್ವಲ್ಪ ಗಟ್ಟಿಯಾಯಿತು. "ಅಪ್ಪಾ, ಮಗೂನ ಸೇತುವೆ ಮೇಲೆ ಗಾಳಿಗೆ ತರೋಕಾಗಲ್ಲ. ಮೂರು ತಿಂಗಳು ನಾನೂ ಹೊರಗೆ ಬರೋ ಹಾಗಿಲ್ಲ. ನೋಡಬೇಕು ಅಂದ್ರೆ ನೀನೇ ಬಾ. ನಿನ್ನ ಊರು ದೊಡ್ಡದಾಗೋ ಹೊತ್ತಿಗೆ ನನ್ನ ಮಗಳೂ ದೊಡ್ಡವಳಾಗಿರ್ತಾಳೆ."

ಮಾಮ ಫೋನಿಟ್ಟು ಕುರ್ಚಿಯಲ್ಲಿ ಕೂತ. ಎದ್ದ. ಮತ್ತೆ ಕೂತ. ಕೊನೆಗೆ ನನ್ನ ಆಫೀಸಿಗೇ ಬಂದ, ಕೈಯಲ್ಲಿ ಬಿಳಿ ಪೇಂಟಿನ ಡಬ್ಬಿ, ಒಂದು ಸಣ್ಣ ಬ್ರಷ್.

"ಸ್ಕೂಟರ್ ತೆಗಿ. ಆಚೆ ಬೋರ್ಡಿಗೆ ಹೋಗಬೇಕು."

"ಮಗೂನ ನೋಡೋಕೆ ಅನ್ನು."

"ಬೋರ್ಡಿಗೆ ಅಂದೆ! ಮಗು ಅಲ್ಲಿ ಹುಟ್ಟಿದೆ, ಅಲ್ಲಿನ ಲೆಕ್ಕಕ್ಕೆ ಸೇರಬೇಕು. ಆ ಮನುಷ್ಯನಿಗೆ ಇಂಥದೆಲ್ಲ ಎಲ್ಲಿ ಹೊಳೀಬೇಕು? ಮೊಮ್ಮಗಳು ಲೆಕ್ಕಕ್ಕಿಲ್ಲದೆ ಬಿದ್ದಿರ್ತಾಳೆ."

ಅರ್ಧ ದಿನ ರಜೆ ಬರೆದುಕೊಟ್ಟು ಹೊರಟೆ. ಕಬ್ಬಿಣದ ಪಟ್ಟಿಯ ಮೇಲೆ ಸ್ಕೂಟರ್ ಟಕ್ಕೆಂದು ಹಾರಿತು. ಹಿಂದೆ ಕೂತವನು ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡ.

ಬೋರ್ಡಿನ ಕೆಳಗೆ ಒಂದು ಏಣಿ ಒರಗಿಸಿಟ್ಟಿತ್ತು. "ನೋಡು, ಏಣಿ ಎತ್ತಿಡೋಕೂ ಸೋಮಾರಿತನ" ಎಂದು ಗೊಣಗುತ್ತ ಮಾಮ ಅದನ್ನೇ ಹತ್ತಿದ. ಕೊನೆಯ ಅಂಕಿ 5. ಮುಟ್ಟಿ ನೋಡಿದ, ಬೆರಳಿಗೆ ಬಿಳಿ ಹತ್ತಿತು. "ಬರೆದು ತಿಂಗಳಾಗಿರಬೇಕು, ಇನ್ನೂ ಒಣಗಿಲ್ಲ! ಎಂಥ ಪೇಂಟೋ, ಎಂಥ ಪೇಂಟರೋ" ಎಂದು ಮೇಲಿನಿಂದಲೇ ಬೀಗರ ಮಾನ ಹರಾಜು ಹಾಕಿದ. ಆಮೇಲೆ ಉಸಿರು ಬಿಗಿಹಿಡಿದು, 5ರ ಹೊಟ್ಟೆಯನ್ನು ಒಂದೇ ಎಳೆತದಲ್ಲಿ ಮುಚ್ಚಿ 6 ಮಾಡಿದ. ಜೀವಮಾನವೆಲ್ಲ ನಮ್ಮೂರು ಮುಂದೆ ಹೋಗಲಿ ಎಂದವನು, ತನ್ನ ಕೈಯಾರೆ ಅದನ್ನು ಇನ್ನೊಂದು ಹೆಜ್ಜೆ ಹಿಂದೆ ತಳ್ಳಿದ. ಕೆಳಗಿಳಿದಾಗ ಮುಖದಲ್ಲಿ ನಗು ತಡೆಯಲಾಗುತ್ತಿರಲಿಲ್ಲ.

"ಇಷ್ಟು ದೂರ ಬಂದಿದೀವಿ" ಎಂದೆ.

"ಬಂದಿದೀವಲ್ಲ" ಎಂದು ಸ್ಕೂಟರ್ ಹತ್ತಿದ.

ಆಸ್ಪತ್ರೆಯ ಲಿಫ್ಟ್ ಕೆಟ್ಟಿತ್ತು. ಇದನ್ನು ಕಂಡು ಮಾಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ಮೂರು ಮಹಡಿ ಹತ್ತುವಷ್ಟರಲ್ಲಿ ಸಂತೋಷವೆಲ್ಲ ಬೆವರಾಗಿ ಇಳಿಯಿತು. ಬಾಗಿಲಲ್ಲಿ ಕಂಡವನನ್ನು ನೋಡಿ ಮಗಳು ಅತ್ತುಬಿಟ್ಟಳು. ಬೀಗರು ಗಡಬಡಿಸಿ ಎದ್ದು ನೀರು ಕೊಟ್ಟರು. ಮಾಮ ಗಟಗಟನೆ ಕುಡಿದ. ಲೋಟ ಖಾಲಿಯಾದ ಮೇಲೆ ಅದನ್ನೇ ನೋಡುತ್ತ ನಿಂತ. ಬೀಗರು ಕಂಡರೂ ಕಾಣದವರಂತೆ ಕಿಟಕಿಯ ಕಡೆ ತಿರುಗಿಕೊಂಡರು, ದೊಡ್ಡ ಮನಸ್ಸು.

ಮಗು ಅಂಗೈಯಷ್ಟು ಮುಖ ಮಾಡಿಕೊಂಡು ಮಲಗಿತ್ತು. ಮಾಮ ಬಹಳ ಹೊತ್ತು ನೋಡಿದ. ಆಮೇಲೆ, "ಬೀಗರೇ, ಬರುವಾಗ ನಿಮ್ಮ ಬೋರ್ಡಿಗೆ ಒಂದು ಸೇರಿಸಿ ಬಂದೆ. ಐದು ಇತ್ತು, ಆರು ಮಾಡಿದೀನಿ. ಕೇಳದೆ ಮುಟ್ಟಿದ್ದಕ್ಕೆ ಬೇಜಾರಾಗಬೇಡಿ" ಎಂದ.

ಬೀಗರು ತಿರುಗಿ ನೋಡಿದರು. ಅವರ ಅಂಗಿಯ ತೋಳಿನ ಅಂಚಿನಲ್ಲಿ ಬಿಳಿ ಪೇಂಟು ನನಗೆ ಆಗಲೇ ಕಂಡದ್ದು.

"ಬೆಳಕು ಹರಿಯುತ್ತಲೂ ನಾನೇ ಹೋಗಿ ಸೇರಿಸಿ ಬಂದೆನಲ್ಲ ಬೀಗರೇ! ನಾಲ್ಕು ಇತ್ತು, ಐದು ಮಾಡಿದೆ. ಸೊಸೆ ಬಂದಾಗಲೂ ಒಂದು ಸೇರಿಸಿದ್ದೆ. ಖುಷಿಯಲ್ಲಿ ಏಣೀನೂ ಅಲ್ಲೇ ಮರೆತೆ."

ಮಾಮನ ಮುಖ ಸಪ್ಪಗಾಯಿತು. ಅವನ ಲೆಕ್ಕದಲ್ಲಿ, ತಪ್ಪು ಸಂಖ್ಯೆ ಬರೆದದ್ದು ವೃತ್ತಿಯಲ್ಲಿ ಅದೇ ಮೊದಲು. "ಹಾಗಾದ್ರೆ ಒಂದು ಹೆಚ್ಚಾಯ್ತು. ಈಗಲೇ ಹೋಗಿ ತಿದ್ದಿ ಬರ್ತೀನಿ" ಎಂದು ಬ್ರಷ್ಷಿಗೆ ಕೈ ಹಾಕಿದ.

ಬೀಗರು ಬ್ರಷ್ ಇಸಿದುಕೊಂಡರು. "ಹೆಚ್ಚೆಲ್ಲಿ ಆಯ್ತು? ಒಂದು ಮಗೂದು. ಇನ್ನೊಂದು ನಿಮ್ಮದು. ನಾಲ್ಕು ವರ್ಷದಿಂದ ಜಾಗ ಇಟ್ಕೊಂಡು ಕಾಯ್ತಾ ಇದೀವಿ."

ಮಾಮ ಖಾಲಿ ಲೋಟವನ್ನು ಬೀಗರ ಮುಂದೆ ಚಾಚಿ, "ಇನ್ನೊಂದು ಲೋಟ ನೀರು ಕೊಡಿ" ಎಂದ.